ಜೀವಮಾನದ ಹತ್ತು ಆಟಗಳು: ಒಂಬತ್ತು ಸಿಕ್ಕಿವೆ, ಹತ್ತನೆಯದಕ್ಕೆ ತಕರಾರು

ಹಳೇಜಾಯ್‌ಸ್ಟಿಕ್

ಆರನೇ ವಯಸ್ಸಿನಿಂದ ವಿಡಿಯೋ ಗೇಮ್ ಆಡುತ್ತಾ ಬಂದಿದ್ದೇನೆ. ಈಗ 46. ಮೊನ್ನೆ ಮಗಳು "ಅಪ್ಪಾ, ನಿನಗೆ ತುಂಬಾ ಇಷ್ಟವಾದ ಆಟ ಯಾವುದು?" ಅಂತ ಕೇಳಿದಳು. ಒಂದು ಹೇಳೋಕೆ ಹೋಗಿ ಮೂವತ್ತು ಹೇಳಿದೆ. "ಹತ್ತಕ್ಕೆ ಇಳಿಸು, ಆಮೇಲೆ ಮಾತಾಡೋಣ" ಅಂದವಳೇ ಎದ್ದು ಹೋದಳು.

ಇಳಿಸೋಕೆ ಒಂದು ನಿಯಮ ಬೇಕಲ್ವಾ? ಹೀಗೆ ಹಾಕಿಕೊಂಡೆ: ಚಿಕ್ಕವನಿದ್ದಾಗ ಚೆನ್ನಾಗಿತ್ತು ಅನ್ನೋ ನೆನಪಿಗೆ ಅಂಕ ಇಲ್ಲ. ಕಳೆದ ಎರಡು ವರ್ಷದಲ್ಲಿ ಮತ್ತೆ ಆಡಿರಬೇಕು, ಆಡುವಾಗ ಹೊತ್ತು ಹೋಗಿದ್ದು ಗೊತ್ತಾಗಿರಬಾರದು. ಈ ಜರಡಿಯಲ್ಲಿ ದೊಡ್ಡ ದೊಡ್ಡ ಹೆಸರುಗಳೇ ಉದುರಿಹೋದವು. ಫೈನಲ್ ಫ್ಯಾಂಟಸಿ 7 ಹೋಯಿತು. 1997ರಲ್ಲಿ ಅದರ ಏರಿತ್ ಅನ್ನೋ ಪಾತ್ರ ಸತ್ತಾಗ ಅತ್ತಿದ್ದೆ, ಹೋದ ವರ್ಷ ಅಷ್ಟು ದೂರ ತಲುಪುವ ಮೊದಲೇ ನಿದ್ದೆ ಬಂತು. ಮಿಸ್ಟ್ ಹೋಯಿತು, ಒಗಟುಗಳ ಉತ್ತರ ಎಲ್ಲಾ ನೆನಪಿದೆ.

ಉಳಿದದ್ದು: ಟೆಟ್ರಿಸ್, ಪ್ರಿನ್ಸ್ ಆಫ್ ಪರ್ಶಿಯಾ (1989ರದ್ದು, ಆಮೇಲೆ ಬಂದವಲ್ಲ), ಸೂಪರ್ ಮೆಟ್ರಾಯ್ಡ್, ಡೂಮ್, ಏಜ್ ಆಫ್ ಎಂಪೈರ್ಸ್ 2, ಹಾಫ್-ಲೈಫ್ 2, ಶಾಡೋ ಆಫ್ ದ ಕೊಲೋಸಸ್, ಡಾರ್ಕ್ ಸೋಲ್ಸ್, ಸ್ಟಾರ್ಡ್ಯೂ ವ್ಯಾಲಿ. ಒಂಬತ್ತು.

ಹತ್ತನೆಯದು ಪಂಚ್-ಔಟ್ ಆಗಬೇಕಿತ್ತು. 1987ರ ಬಾಕ್ಸಿಂಗ್ ಆಟ. ಹುಡುಗನಾಗಿದ್ದಾಗ ಅರ್ಧ ನಿದ್ದೆಯಲ್ಲೂ ಗೆಲ್ಲುತ್ತಿದ್ದೆ. ಈಗ ಮತ್ತೆ ಹಾಕಿದರೆ ಬಾಲ್ಡ್ ಬುಲ್ ಅನ್ನೋ ಎದುರಾಳಿ ಹತ್ತಿರ ಬರೀ ಒದೆ ತಿನ್ನೋದೇ ಆಯಿತು. ಕೈ ಮುದಿಯಾಗಿದೆ ಅಂದುಕೊಂಡು ಪಟ್ಟಿಯಿಂದ ತೆಗೆದೆ. ಆ ಜಾಗ ಖಾಲಿ ಇದೆ. ನೀವಾದರೆ ಏನು ಹಾಕ್ತೀರಿ? ನಿಯಮ ಮಾತ್ರ ಮುರಿಯುವ ಹಾಗಿಲ್ಲ.

ಕೊನೇಲೈಫ್

ಕಾಂಟ್ರಾ. ಇದಕ್ಕೆಲ್ಲಾ ಚರ್ಚೆ ಯಾಕೆ?

ಪಿಕ್ಸೆಲ್‌ಪುಟ್ಟಿ

ನಿಯಮವೇ ತಪ್ಪು ಸಾರ್. ಔಟರ್ ವೈಲ್ಡ್ಸ್ (2019) ನನ್ನ ಪಟ್ಟಿಯಲ್ಲಿ ಮೊದಲನೆಯದು. ಅದನ್ನು ಎರಡನೇ ಸಲ ಆಡೋಕೆ ಆಗೋದೇ ಇಲ್ಲ. ಅದರಲ್ಲಿ ನಿಮಗೆ ಹೊಸ ಬಂದೂಕು ಸಿಗಲ್ಲ, ಶಕ್ತಿ ಜಾಸ್ತಿ ಆಗಲ್ಲ. ಸಿಗೋದು ತಿಳಿವಳಿಕೆ ಮಾತ್ರ. ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು ಅನ್ನೋದು ಒಮ್ಮೆ ಗೊತ್ತಾಯಿತೋ, ಆಟ ಮುಗೀತು. ಮೊದಲ ದಿನವೇ ಗೊತ್ತಿದ್ದರೆ ಒಂದೇ ಸುತ್ತಿನಲ್ಲಿ ಮುಗಿಸಬಹುದು. ನಿಮ್ಮ ಲೆಕ್ಕದಲ್ಲಿ ಇದು ಸೊನ್ನೆ. ನನ್ನ ಲೆಕ್ಕದಲ್ಲಿ, ತಲೆಗೆ ಪೆಟ್ಟು ಬಿದ್ದು ಇದೊಂದು ಆಟ ಮರೆತುಹೋಗಲಿ ಅಂತ ಹರಕೆ ಹೊರುವಷ್ಟು ಇಷ್ಟ.

ಬಾನ್‌ಫೈರ್‌ಬಸ್ಯ

ಪುಟ್ಟಿ ಹೇಳಿದ್ದು ಸರಿ. ಪ್ರತಿ 22 ನಿಮಿಷಕ್ಕೆ ಸೂರ್ಯ ಸಿಡಿ

ಪಿಕ್ಸೆಲ್‌ಪುಟ್ಟಿ

ಏಯ್! ಸ್ಪಾಯ್ಲರ್ ಹಾಕಬೇಡಿ ಮಾರಾಯ್ರೆ!!

ಬಾನ್‌ಫೈರ್‌ಬಸ್ಯ

ಮೊದಲ 22 ನಿಮಿಷದಲ್ಲೇ ಗೊತ್ತಾಗುವ ವಿಷಯ ಸ್ಪಾಯ್ಲರ್ ಹೇಗಾಗುತ್ತೆ? ಆದರೂ ಸಾರಿ.

ನನ್ನ ವಿಷಯಕ್ಕೆ ಬರ್ತೀನಿ. ಡಾರ್ಕ್ ಸೋಲ್ಸ್ ಪಟ್ಟಿಯಲ್ಲಿರೋದು ನೋಡಿ ಖುಷಿಯಾಯಿತು. ಎಲ್ಲರೂ ಅದು ಕಷ್ಟ, ಕಷ್ಟ ಅಂತಲೇ ಹೇಳ್ತಾರೆ. ನನಗೆ ಹಿಡಿಸಿದ್ದು ಕಷ್ಟ ಅಲ್ಲ, ಒಂದು ಲಿಫ್ಟು. ಅನ್‌ಡೆಡ್ ಬರ್ಗ್ ಅನ್ನೋ ಊರು ದಾಟಿ, ಸೇತುವೆ ಮೇಲೆ ಡ್ರ್ಯಾಗನ್ ಕೈಲಿ ಸುಟ್ಟುಕೊಂಡು, ಪ್ಯಾರಿಷ್ ಮುಟ್ಟೋ ಹೊತ್ತಿಗೆ ಮನೆ ಬಿಟ್ಟು ಎಷ್ಟೋ ದೂರ ಬಂದೆವು ಅನ್ನಿಸಿರುತ್ತೆ. ಅಲ್ಲೊಂದು ಲಿಫ್ಟ್. ಹತ್ತಿದರೆ ಕೆಳಗೆ, ಇನ್ನೂ ಕೆಳಗೆ ಇಳೀತಾ ಹೋಗುತ್ತೆ. ಬಾಗಿಲು ದಾಟಿ ಹೊರಗೆ ಬಂದರೆ ಫೈರ್‌ಲಿಂಕ್ ಶ್ರೈನ್! ಹೊರಟ ಜಾಗ! ಅದೇ ಬೆಂಕಿ, ಅದೇ ಮುಖ ಸಿಂಡರಿಸಿಕೊಂಡು ಕೂತ ಸೈನಿಕ. ಕಂಟ್ರೋಲರ್ ಕೆಳಗಿಟ್ಟು ಸುಮ್ನೆ ಕೂತುಬಿಟ್ಟಿದ್ದೆ. 2011ರಿಂದ ಈಚೆಗೆ ಆರು ಸಲ ಮುಗಿಸಿದ್ದೇನೆ. ಲಿಫ್ಟ್ ಇಳಿಯುವಾಗ ಈಗಲೂ ಮೈ ಜುಂ ಅನ್ನುತ್ತೆ.

ಲ್ಯಾಗ್‌ರಾಜ

ಅದೇ ಆಟದ ಅನೋರ್ ಲೋಂಡೋ ಅನ್ನೋ ಜಾಗದ ಆ ಇಬ್ಬರು ಬಿಲ್ಲುಗಾರರ ಬಗ್ಗೆ ಯಾಕೆ ಮಾತಾಡಲ್ಲ ಬಸ್ಯಣ್ಣ?

ಬಾನ್‌ಫೈರ್‌ಬಸ್ಯ

ಕೆಲವು ಮಾತು ಹೆಂಗಸರು ಮಕ್ಕಳು ಇರೋ ಕಡೆ ಆಡಬಾರದು.

ರಾತ್ರಿಪಾಳಿ

ಹೆಂಗಸರೂ ಆ ಬಿಲ್ಲುಗಾರರಿಗೆ ಅದೇ ಮಾತು ಬೈದಿದ್ದೇವೆ, ನೀವು ಸಂಕೋಚ ಪಡಬೇಡಿ.

ಸ್ಟಾರ್ಡ್ಯೂ ವ್ಯಾಲಿ ಇರೋದಕ್ಕೆ ನನ್ನ ಓಟು. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಬರೋ ತನಕ ಒಂದು ದಿನ ಆಡ್ತೀನಿ. "ಒಂದು ದಿನ" ಅಂದ್ರೆ ಆಟದ ದಿನ, ಹೆಚ್ಚುಕಡಿಮೆ ಹದಿನೈದು ನಿಮಿಷ. ಹಾಗಂದುಕೊಂಡೇ ಬೆಳಗ್ಗೆ ಹನ್ನೊಂದಾಗುತ್ತೆ. ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಕೋಡು, ಚಿತ್ರ, ಸಂಗೀತ, ಮಾತು ಎಲ್ಲಾ ಮಾಡಿ 2016ರಲ್ಲಿ ಬಿಟ್ಟ ಆಟ ಅದು. ಅದರಲ್ಲಿ ಮೀನು ಹಿಡಿಯೋದನ್ನು ಮಾತ್ರ ಬೇರೆ ಯಾರಿಗಾದರೂ ಕೊಡಬೇಕಿತ್ತು. ಆ ಹಸಿರು ಪಟ್ಟಿ ನನ್ನ ಶತ್ರು.

ಕೊನೇಲೈಫ್

ಕಾಂಟ್ರಾ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ಬಿಡಿಸಿ ಹೇಳ್ತೀನಿ.

ಮೂರನೇ ಲೆವೆಲ್, ಜಲಪಾತ. ಇಬ್ಬರು ಆಡ್ತಿದ್ದೀರಿ. ಪರದೆ ಮೇಲಕ್ಕೆ ಸರಿಯೋದು ಮೇಲಿರುವವನ ಜೊತೆ. ಕೆಳಗಿದ್ದವನು ಪರದೆಯ ಕೆಳಗಿನ ಅಂಚಿಗೆ ಹೋದರೆ ಸತ್ತ. ಅಂದ್ರೆ ಶತ್ರುವಿನ ಗುಂಡಿಗಿಂತ ಜೊತೆಗಾರನ ಅವಸರವೇ ಅಪಾಯ. ನಮ್ಮಣ್ಣ ಟಣಟಣ ಅಂತ ಹತ್ತಿಬಿಡ್ತಿದ್ದ, ನಾನು ಕೆಳಗೆ ಸಾಯ್ತಿದ್ದೆ. ಮಾತು ಬಿಟ್ಟಿದ್ದೂ ಇದೆ. ಈಗ ಇಬ್ಬರಿಗೂ ನಲವತ್ತು ದಾಟಿದೆ, ವರ್ಷಕ್ಕೆ ಒಂದು ಸಲ ಕೂತು ಆಡ್ತೀವಿ. ಈಗಲೂ ಅವನು ಕಾಯಲ್ಲ. ನಿಮ್ಮ ನಿಯಮಕ್ಕೆ ಸರಿಯಾಗಿ ಹೊಂದುತ್ತೆ ನೋಡಿ.

ಮೂವತ್ತು ಲೈಫ್ ಕೊಡೋ ಗುಟ್ಟಿನ ಬಟನ್ ಕೋಡ್ ಹಾಕಿಯೇ ಆಡ್ತೀವಿ, ನಾಚಿಕೆ ಇಲ್ಲ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ.

ಬಗ್‌ಬೇಟೆ

ಆ ಕೋಡ್ ಹುಟ್ಟಿದ್ದು ಕಾಂಟ್ರಾಗೆ ಅಲ್ಲ. ಗ್ರೇಡಿಯಸ್ ಅನ್ನೋ ಆಟವನ್ನು 1986ರಲ್ಲಿ ಮನೆಯ ಕನ್ಸೋಲ್‌ಗೆ ತರುವಾಗ ಕಜುಹಿಸಾ ಹಾಶಿಮೋಟೊ ಹಾಕಿದ್ದು. ಅವರು ಮಾಡಿದ ಆಟ ಅವರಿಗೇ ಕಷ್ಟ, ಕೊನೇ ತನಕ ಪರೀಕ್ಷೆ ಮಾಡೋಕೆ ಆಗ್ತಿರಲಿಲ್ಲ. ಅದಕ್ಕೆ ಒಂದು ಕಳ್ಳದಾರಿ ಇಟ್ಟುಕೊಂಡರು. ಅದು ಹಾಗೇ ಆಟದೊಳಗೆ ಉಳಿದು ಜಗತ್ತಿಗೆಲ್ಲಾ ಹೋಯಿತು.

ನನಗೆ ಇಂಥ ಎಡವಟ್ಟುಗಳೇ ಇಷ್ಟ. ಸ್ಪೇಸ್ ಇನ್ವೇಡರ್ಸ್‌ನಲ್ಲಿ (1978) ಶತ್ರುಗಳು ಕಡಿಮೆಯಾದಂತೆ ವೇಗ ಜಾಸ್ತಿ ಆಗುತ್ತಲ್ಲ, ಅದೂ ಯೋಜನೆ ಮಾಡಿದ್ದಲ್ಲ. ಅಷ್ಟೊಂದು ಚಿತ್ರ ಬಿಡಿಸೋಕೆ ಪ್ರೊಸೆಸರ್‌ಗೆ ಉಸಿರು ಕಟ್ಟುತ್ತಿತ್ತು. ಕೆಲವು ಸತ್ತ ಮೇಲೆ ಹೊರೆ ಇಳಿದು ಉಳಿದವು ಓಡತೊಡಗಿದವು. ಆಟ ಮಾಡಿದ ನಿಶಿಕಾಡೊ ಅದನ್ನು ಹಾಗೇ ಬಿಟ್ಟರು. ಮುಂದೆ ಹೋದಂತೆ ಆಟ ಕಷ್ಟ ಆಗಬೇಕು ಅನ್ನೋ ಪಾಠ ನಮಗೆಲ್ಲಾ ಸಿಕ್ಕಿದ್ದು ಹೀಗೆ.

ಲ್ಯಾಗ್‌ರಾಜ

ಹಾಗಾದರೆ ಬಗ್‌ಗಳ (ಪ್ರೋಗ್ರಾಂ ತಪ್ಪುಗಳ) ರಾಜ, ಸಾಮ್ರಾಜ್ಯ ಕಟ್ಟೋ ಆಟ ಸಿವಿಲೈಜೇಶನ್‌ನ ಗಾಂಧಿ! ಮೊದಲ ಆಟದಲ್ಲಿ ಅವರ ಕೋಪ 1 ಇತ್ತು, ಪ್ರಜಾಪ್ರಭುತ್ವ ಬಂದಾಗ 2 ಕಳೆದು ಸೊನ್ನೆಗಿಂತ ಕೆಳಗೆ ಹೋಗೋಕೆ ಆಗದೆ ಸುತ್ತಿ ಬಂದು ಅತಿ ದೊಡ್ಡ ಸಂಖ್ಯೆ 255 ಆಗಿಬಿಡ್ತು. ಆಮೇಲೆ ಎಲ್ಲರ ಮೇಲೂ ಅಣುಬಾಂಬ್ 😂

ಬಗ್‌ಬೇಟೆ

ಇದೇ ಕಥೆಯನ್ನು ನಾನೂ ಹತ್ತು ವರ್ಷ ಹೇಳಿಕೊಂಡು ತಿರುಗಿದ್ದೆ. ಸುಳ್ಳು. ಆಟ ಮಾಡಿದ ಸಿಡ್ ಮೇಯರ್ 2020ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಅಂಥ ಬಗ್ ಇರಲೇ ಇಲ್ಲ ಅಂತ ಬರೆದಿದ್ದಾರೆ. ಗಾಂಧಿಗೆ ಅಣುಬಾಂಬ್ ಹುಚ್ಚು ನಿಜವಾಗಿ ಬಂದಿದ್ದು 2010ರ ಐದನೇ ಆಟದಲ್ಲಿ. ಅದು ಬೇಕಂತಲೇ ಮಾಡಿದ ತಮಾಷೆ.

ಲ್ಯಾಗ್‌ರಾಜ

ನನ್ನ ಬಾಲ್ಯದ ಒಂದು ಕಂಬ ಬಿತ್ತು.

ಕುರಿಕಾಯುವವ

ಏಜ್ ಆಫ್ ಎಂಪೈರ್ಸ್ 2 ಪಟ್ಟಿಯಲ್ಲಿದೆ, ಅದರ ಬಗ್ಗೆ ಒಬ್ಬರೂ ಮಾತಾಡ್ತಿಲ್ಲ. ಅನ್ಯಾಯ. 1999ರ ಆಟಕ್ಕೆ ಈಗಲೂ ಟೂರ್ನಮೆಂಟ್ ನಡೆಯುತ್ತೆ, ಹೊಸ ನಾಗರಿಕತೆಗಳು ಸೇರ್ತಾನೇ ಇವೆ.

ಯುದ್ಧದ ಆಟ ಅಂತಾರೆ. ನನ್ನ ಪ್ರಕಾರ ಅದು ಮೊದಲ ಹತ್ತು ನಿಮಿಷ ಮನೆ ನಡೆಸುವ ಆಟ. ಕುರಿ ಹುಡುಕು, ಟೌನ್ ಸೆಂಟರ್ ಕೆಳಗೆ ತಂದು ಕಡಿ, ಹಳ್ಳಿಗರನ್ನು ತಯಾರು ಮಾಡೋದು ಒಂದು ಕ್ಷಣವೂ ನಿಲ್ಲಬಾರದು. ಕುರಿ ಮುಗಿಯೋ ಮೊದಲು ಹಂದಿ ತರಬೇಕು. ಒಬ್ಬನನ್ನು ಕಳಿಸಿ ಹಂದಿಗೆ ಬಾಣ ಹೊಡೆಸಿ, ಅದು ಅಟ್ಟಿಸಿಕೊಂಡು ಬರುವಾಗ ಓಡಿಸಿಕೊಂಡು ಬರಬೇಕು. ಸ್ವಲ್ಪ ಬೇಗ ಓಡಿದರೆ ಹಂದಿ ವಾಪಸ್. ತಡ ಮಾಡಿದರೆ ಹಳ್ಳಿಗ ಗೋವಿಂದ. ಇಪ್ಪತ್ತು ವರ್ಷದಿಂದ ಆಡ್ತಿದ್ದೇನೆ, ಹೋದ ಭಾನುವಾರವೂ ಒಬ್ಬನನ್ನು ಹಂದಿಗೆ ಕೊಟ್ಟೆ.

ಸುಮ್ನೆನೋಡ್ತಿದ್ದೆ

ನಾಗರಹಾವಿನ ಹೆಸರಿನ ಕಾರ್ ತರಿಸೋ ಕೋಡ್ ಯಾವುದು? "ಹೌ ಡು ಯು ಟರ್ನ್ ದಿಸ್ ಆನ್" ತಾನೇ?

ಕುರಿಕಾಯುವವ

ಹೌದು. ಈಟಿ ಹಿಡಿದ ಸೈನಿಕರ ನಡುವೆ ಬಂದೂಕಿನ ಕಾರು. ಯುದ್ಧತಂತ್ರ ಅಂದ್ರೆ ಅದು.

ಪಿಕ್ಸೆಲ್‌ಪುಟ್ಟಿ

ಪ್ರಿನ್ಸ್ ಆಫ್ ಪರ್ಶಿಯಾ ಬಗ್ಗೆ ಒಂದು ಮಾತು. ಎಲ್ಲರೂ ಹೊಗಳ್ತಾರೆ ಅಂತ ಹೋದ ವರ್ಷ ಆಡಿದೆ. ಅರ್ಧ ಗಂಟೆಯಲ್ಲಿ ಬಿಟ್ಟೆ. ನಾನು ಹೇಳಿದ್ದು ಅವನು ಕೇಳಲ್ಲ! ಜಿಗಿ ಅಂದರೆ ಯೋಚನೆ ಮಾಡಿ ಜಿಗೀತಾನೆ, ನಿಲ್ಲು ಅಂದರೆ ಎರಡು ಹೆಜ್ಜೆ ಜಾರಿ ಮುಳ್ಳಿಗೆ ಬೀಳ್ತಾನೆ. ಸೆಲೆಸ್ಟ್ (2018) ಆಡಿ ನೋಡಿ. ಅಂಚು ದಾಟಿ ಗಾಳಿಯಲ್ಲಿ ಕಾಲಿಟ್ಟ ಮೇಲೂ ಕೆಲವು ಫ್ರೇಮ್‌ಗಳ (ಪರದೆ ಮೇಲೆ ಒಂದಾದ ಮೇಲೊಂದು ಬರೋ ಚಿತ್ರಗಳ) ತನಕ ಜಿಗಿಯೋಕೆ ಬಿಡುತ್ತೆ. ಆಟ ನಮ್ಮ ಪರವಾಗಿ ಇರಬೇಕು ಅಲ್ವಾ?

ಹಳೇಜಾಯ್‌ಸ್ಟಿಕ್

ಪುಟ್ಟಿ, ನನ್ನ ಮಗಳೂ ಇದನ್ನೇ ಅಂದಳು, "ಮಾತು ಕೇಳಲ್ಲ" ಅಂತ. ನೀವು ಹೇಳೋದು ನಿಜ, ಆದರೆ ಅದು ತಪ್ಪಲ್ಲ.

ಆ ಆಟ ಮಾಡಿದ ಜೋರ್ಡನ್ ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಜಿಗಿಸಿ, ಗೋಡೆ ಹತ್ತಿಸಿ ವಿಡಿಯೋ ಮಾಡಿಕೊಂಡು, ಒಂದೊಂದೇ ಫ್ರೇಮ್ ನೋಡಿ ಚಿತ್ರ ಬಿಡಿಸಿದರು. ಹಾಗಾಗಿ ಅಲ್ಲಿ ಇರೋದು ನಿಜವಾದ ಮೈಭಾರ. ಓಡುತ್ತಿರುವ ಮನುಷ್ಯ ಗಕ್ಕನೆ ನಿಲ್ಲೋಕೆ ಆಗುತ್ತಾ? ಬಟನ್ ಒತ್ತಿದರೆ ಒಂದು ಚಲನೆ ಶುರು, ಅದು ಮುಗಿಯೋ ತನಕ ಮುಂದಿನದು ಇಲ್ಲ. ಮಾರಿಯೋ ಗಾಳಿಯಲ್ಲಿದ್ದಾಗಲೂ ತಿರುಗ್ತಾನೆ, ಇವನು ತಿರುಗಲ್ಲ. ಅದಕ್ಕೇ ಅಂಚಿಗೆ ಬಂದಾಗ ಶಿಫ್ಟ್ ಒತ್ತಿ ಒಂದೊಂದೇ ಹೆಜ್ಜೆ ಇಡಬೇಕು. ತುದಿಗೆ ಬಂದರೆ ಕಾಲು ಮುಂದೆ ಚಾಚಿ ನೋಡ್ತಾನೆ. ಅಲ್ಲಿಂದ ಎರಡು ಹೆಜ್ಜೆ ಹಿಂದೆ ತಿರುಗಿ ಓಡಿ ಜಿಗಿದರೆ ಲೆಕ್ಕ ತಪ್ಪಲ್ಲ. ಒಂದು ಮಹಡಿ ಬಿದ್ದರೆ ಏನಾಗಲ್ಲ, ಎರಡಾದರೆ ಒಂದು ಜೀವ ಕಡಿಮೆ, ಮೂರಾದರೆ ಕಥೆ ಮುಗೀತು. ಇಷ್ಟೇ ನಿಯಮ. ಇಡೀ ಆಟಕ್ಕೆ 60 ನಿಮಿಷ. ನಿಧಾನ ನಡೆಯಲೇಬೇಕು, ನಿಧಾನ ಮಾಡಿದರೆ ಹೊತ್ತು ಮೀರುತ್ತೆ. ಆ ಇಕ್ಕಟ್ಟೇ ಆಟ.

ಇನ್ನು ಕನ್ನಡಿಯಿಂದ ಹೊರಗೆ ಬರೋ ನೆರಳು ಮನುಷ್ಯ. ಆಪಲ್ 2 ಅನ್ನೋ ಆಗಿನ ಕಂಪ್ಯೂಟರ್‌ನಲ್ಲಿ ಇನ್ನೊಂದು ಪಾತ್ರದ ಚಿತ್ರ ಇಡೋಕೆ ಮೆಮರಿಯೇ ಉಳಿದಿರಲಿಲ್ಲ. ಇದ್ದ ರಾಜಕುಮಾರನ ಚಿತ್ರವನ್ನೇ ತುಸು ಸರಿಸಿ ಅದರ ಮೇಲೇ ಎಕ್ಸ್‌ಓಆರ್ (ಎರಡೂ ಒಂದೇ ಇದ್ದ ಕಡೆ ಅಳಿಸಿ, ಬೇರೆ ಇದ್ದ ಕಡೆ ಮಾತ್ರ ಉಳಿಸೋ ಲೆಕ್ಕ) ಮಾಡಿದರು, ಮಿಣುಕುವ ನೆರಳು ಹುಟ್ಟಿತು. ಕೊನೆಗೆ ಅವನ ಜೊತೆ ಕತ್ತಿ ಹಿಡಿದು ಹೋರಾಡಿದರೆ ಅವನಿಗೆ ಬಿದ್ದ ಪ್ರತಿ ಏಟು ನಮಗೂ ಬೀಳುತ್ತೆ. ಕತ್ತಿ ಒರೆಗೆ ಹಾಕಬೇಕು. ಅವನೂ ಹಾಕ್ತಾನೆ. ಇಬ್ಬರೂ ಓಡಿ ಬಂದು ಒಂದಾಗ್ತಾರೆ. ಮೊದಲ ಸಲ ಇದು ನನಗೆ ಹೊಳೆಯೋಕೆ ಎರಡು ತಿಂಗಳು ಬೇಕಾಯಿತು, ಆಗ ಕೇಳೋಕೆ ಇಂಟರ್ನೆಟ್ ಎಲ್ಲಿತ್ತು!

ಪಿಕ್ಸೆಲ್‌ಪುಟ್ಟಿ

ನನಗೆ ಸ್ಪಾಯ್ಲರ್ ಬೇಡ ಅಂದಿದ್ದೆ ಅಲ್ವಾ ಸಾರ್.

ಹಳೇಜಾಯ್‌ಸ್ಟಿಕ್

ಮೂವತ್ತೈದು ವರ್ಷದ ಆಟಕ್ಕೂ ಸ್ಪಾಯ್ಲರಾ!

ರಾತ್ರಿಪಾಳಿ

ಅವರು ಹುಟ್ಟುವ ಮುಂಚಿನ ಆಟ ಅವರಿಗೆ ಹೊಸದೇ ತಾನೇ? ಪುಟ್ಟಿ ಹೇಳೋದು ಸರಿ ಇದೆ.

ಬಗ್‌ಬೇಟೆ

ಡೂಮ್ ಬಗ್ಗೆ ಇನ್ನೂ ಯಾರೂ ಮಾತೆತ್ತಿಲ್ಲ ಅಂದ್ರೆ ಏನರ್ಥ? 1993. ನಿಜವಾದ 3ಡಿ ಅಲ್ಲ ಅದು, ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇಡೋಕೆ ಆಗಲ್ಲ. ನೋಡೋಕೆ ತಲೆ ಎತ್ತೋದೂ ಇಲ್ಲ. ಎತ್ತರದಲ್ಲಿರುವ ರಾಕ್ಷಸನಿಗೆ ನೇರವಾಗಿ ಗುಂಡು ಹೊಡೆದರೆ ಆಟವೇ ಮೇಲಕ್ಕೆ ಗುರಿ ಹೊಂದಿಸಿಕೊಳ್ಳುತ್ತೆ. ಇಷ್ಟೆಲ್ಲಾ ಕೊರತೆ ಇಟ್ಟುಕೊಂಡು ಈಗಲೂ ಆಡಿದರೆ ಬೆರಳು ಬಿಡಲ್ಲ.

ಅದರ ಹಿಂದಿನ ಕಥೆ ಇನ್ನೂ ಚೆಂದ. 1990ರಲ್ಲಿ ಜಾನ್ ಕಾರ್ಮ್ಯಾಕ್ ಪಿಸಿ ಪರದೆ ನಯವಾಗಿ ಪಕ್ಕಕ್ಕೆ ಸರಿಯುವ ಹಾಗೆ ಮಾಡೋದು ಕಂಡುಹಿಡಿದರು. ಆಗಿನ ಪಿಸಿಗಳಲ್ಲಿ ಅದು ಆಗದ ಕೆಲಸ ಅನ್ನುತ್ತಿದ್ದರು. ಅವರೂ ಟಾಮ್ ಹಾಲ್ ಅವರೂ ರಾತ್ರಿಯಿಡೀ ಕೂತು ಸೂಪರ್ ಮಾರಿಯೋ ಬ್ರದರ್ಸ್ 3ರ ಮೊದಲ ಲೆವೆಲ್ ನಕಲು ಮಾಡಿ, ಮಾರಿಯೋ ಜಾಗದಲ್ಲಿ ಡೇಂಜರಸ್ ಡೇವ್‌ನನ್ನು ನಿಲ್ಲಿಸಿ, ಜಾನ್ ರೊಮೆರೊ ಮೇಜಿನ ಮೇಲೆ ಇಟ್ಟರು. ಡೇವ್ ರೊಮೆರೊ ಅವರದೇ ಪಾತ್ರ. ಅವರೆಲ್ಲಾ ಸೇರಿ ಮುಂದೆ ಡೂಮ್ ಮಾಡಿದ ಸ್ವಂತ ಕಂಪನಿ ಕಟ್ಟಿದ್ದಕ್ಕೆ ಆ ರಾತ್ರಿಯ ತಮಾಷೆಯೇ ಬೀಜ.

ಲ್ಯಾಗ್‌ರಾಜ

ಡೇವ್! ಜೆಟ್‌ಪ್ಯಾಕ್! ಆ ಟ್ರೋಫಿ ಕಪ್!! ಈಗಲೇ ಹಾಕ್ತೀನಿ.

ಅಂದಹಾಗೆ ಹಳೇಜಾಯ್‌ಸ್ಟಿಕ್ ಅವರೇ, ಒಂದು ಪ್ರಶ್ನೆ. ಪಂಚ್-ಔಟ್ ಯಾವುದರಲ್ಲಿ ಆಡಿದಿರಿ? ಹಳೇ ಡಬ್ಬಾ ಟಿವಿಯಲ್ಲೋ, ಹೊಸ ಚಪ್ಪಟೆ ಟಿವಿಯಲ್ಲೋ?

ಹಳೇಜಾಯ್‌ಸ್ಟಿಕ್

ಹೊಸದು. ದೊಡ್ಡದು. ಯಾಕೆ?

ಲ್ಯಾಗ್‌ರಾಜ

ಗೇಮ್ ಮೋಡ್ ಆನ್ ಮಾಡಿದ್ರಾ?

ಹಳೇಜಾಯ್‌ಸ್ಟಿಕ್

ಅದೇನು?

ಲ್ಯಾಗ್‌ರಾಜ

ಅಯ್ಯೋ ಸ್ವಾಮಿ. ನನ್ನ ಹೆಸರೇ ಲ್ಯಾಗ್‌ರಾಜ (ಲ್ಯಾಗ್ ಅಂದ್ರೆ ತಡ), ಈ ವಿಷಯಕ್ಕೇ ಹುಟ್ಟಿದವನು. ಕೇಳಿ.

ಹಳೇ ಟಿವಿಗೆ ಸಿಗ್ನಲ್ ಬಂದ ಹಾಗೇ ಪರದೆ ಮೇಲೆ ಬೀಳ್ತಿತ್ತು, ತಡ ಅನ್ನೋದೇ ಇರಲಿಲ್ಲ ಅನ್ನಿ. ಹೊಸ ಟಿವಿ ಮೊದಲು ಚಿತ್ರವನ್ನು ಹಿಡಿದಿಟ್ಟುಕೊಂಡು ತಿದ್ದುತ್ತೆ. ಬಣ್ಣ ಏರಿಸು, ಚಲನೆ ನಯ ಮಾಡು, ಹೀಗೆ. ಸಿನಿಮಾಗೆ ಸರಿ. ಆದರೆ ಅದರಲ್ಲಿ 100 ಮಿಲಿಸೆಕೆಂಡ್ ಹೋಯಿತು ಅಂದುಕೊಳ್ಳಿ. ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತೆ. ಅಂದ್ರೆ ನೀವು ನೋಡ್ತಿರೋದು ಆರು ಫ್ರೇಮ್ ಹಳೇ ಚಿತ್ರ. ಬಾಲ್ಡ್ ಬುಲ್ ಕುಪ್ಪಳಿಸಿಕೊಂಡು ನುಗ್ಗುವಾಗ ಸರಿಯಾದ ಕ್ಷಣಕ್ಕೆ ಹೊಟ್ಟೆಗೆ ಗುದ್ದಿದರೆ ಒಂದೇ ಏಟಿಗೆ ಬೀಳ್ತಾನೆ. ಆ ಕ್ಷಣ ಇರೋದೇ ಕೆಲವೇ ಫ್ರೇಮ್. ನೀವು ನೋಡಿ ಗುದ್ದುವಷ್ಟರಲ್ಲಿ ಅವನು ಆಗಲೇ ನಿಮ್ಮ ದವಡೆ ಕಳಚಿರ್ತಾನೆ. ಟಿವಿ ಸೆಟ್ಟಿಂಗ್ಸ್‌ಗೆ ಹೋಗಿ, ಚಿತ್ರದ ಮೋಡ್‌ನಲ್ಲಿ ಗೇಮ್ ಅಂತ ಇರುತ್ತೆ. ಹಾಕಿ ನೋಡಿ ಬಂದು ಹೇಳಿ.

ಕೊನೇಲೈಫ್

ತಡೀರಿ. ಹಾಗಾದ್ರೆ ಜಲಪಾತದಲ್ಲಿ ನಾನು ಈಗಲೂ ಸಾಯೋದು ಟಿವಿಯಿಂದಾನಾ?

ಲ್ಯಾಗ್‌ರಾಜ

ಇಲ್ಲ, ಅದು ನಿಮ್ಮಣ್ಣನಿಂದ.

ಬಾನ್‌ಫೈರ್‌ಬಸ್ಯ

ಅವರು ಬರೋ ತನಕ ನಾನೊಂದು ಹೇಳ್ತೀನಿ. ಶಾಡೋ ಆಫ್ ದ ಕೊಲೋಸಸ್ (2005). ಇಡೀ ಆಟದಲ್ಲಿ ಹದಿನಾರೇ ಶತ್ರುಗಳು, ಮಧ್ಯೆ ಬರೀ ಬಯಲು, ಒಂದು ಕುದುರೆ. ಹದಿಮೂರನೆಯದು ಮರಳುಗಾಡಿನ ಮೇಲೆ ಹಾರುವ ಉದ್ದನೆಯ ಪ್ರಾಣಿ. ಅದು ನಿಮಗೆ ಏನೂ ಮಾಡಲ್ಲ. ಸುಮ್ನೆ ಹಾರ್ತಾ ಇರುತ್ತೆ. ನೀವೇ ಬಾಣ ಬಿಟ್ಟು, ಕೆಳಗೆ ಇಳಿಸಿ, ಕುದುರೆ ಓಡಿಸಿ ಅದರ ರೆಕ್ಕೆಗೆ ನೇತುಬಿದ್ದು ಇರೀಬೇಕು. ಮೊದಲ ಸಲ ಗೆದ್ದೆ ಅಂತ ಕೂಗಿದ್ದೆ. ಎರಡನೇ ಸಲ ಅರ್ಧ ಗಂಟೆ ಅದರ ಕೆಳಗೆ ಕುದುರೆ ಓಡಿಸಿಕೊಂಡಿದ್ದು ಆಟ ನಿಲ್ಲಿಸಿಬಿಟ್ಟೆ. ಇದಕ್ಕೆ ಹಳೇಜಾಯ್‌ಸ್ಟಿಕ್ ನಿಯಮ ಏನು ಹೇಳುತ್ತೆ? ಮತ್ತೆ ಆಡಿದೆ, ಆದರೆ ಮುಗಿಸೋಕೆ ಮನಸ್ಸಾಗಲಿಲ್ಲ.

ಪಿಕ್ಸೆಲ್‌ಪುಟ್ಟಿ

ನಿಯಮ ತಪ್ಪು ಅಂತ ಹೇಳುತ್ತೆ. ನಾನು ಮೊದಲೇ ಹೇಳಿದೆ.

ಸುಮ್ನೆನೋಡ್ತಿದ್ದೆ

ಟೆಟ್ರಿಸ್‌ಗೆ ಕೊನೆ ಇಲ್ಲ ಅಂದುಕೊಂಡಿದ್ದೆ. 2023ರ ಕೊನೆಗೆ 13 ವರ್ಷದ ಹುಡುಗನೊಬ್ಬ ಹಳೇ ನಿಂಟೆಂಡೊ ಟೆಟ್ರಿಸ್ ಆಡಿ ಆಡಿ, 157ನೇ ಲೆವೆಲ್‌ನಲ್ಲಿ ಆಟವೇ ಹೆಪ್ಪುಗಟ್ಟಿ ನಿಂತಿತಲ್ಲ! ನಾನು 29ಕ್ಕೆ ಹೋದವರನ್ನೇ ದೇವರು ಅಂದುಕೊಂಡಿದ್ದೆ.

ಹಳೇಜಾಯ್‌ಸ್ಟಿಕ್

ಬಂದೆ. ಗೇಮ್ ಮೋಡ್ ಹಾಕಿದೆ.

ಲ್ಯಾಗ್‌ರಾಜ ಅವರೇ, ಎರಡು ವರ್ಷ ನಾನು ಮುದುಕ ಅಂದುಕೊಂಡು ಕೂತಿದ್ದೆ. ಕಣ್ಣು ಪರೀಕ್ಷೆ ಕೂಡ ಮಾಡಿಸಿಕೊಂಡೆ. ಬಾಲ್ಡ್ ಬುಲ್ ಎರಡನೇ ಪ್ರಯತ್ನಕ್ಕೇ ಬಿದ್ದ. ಬೆರಳಿಗೆ ಎಲ್ಲಾ ಗೊತ್ತಿತ್ತು, ಕಣ್ಣಿಗೆ ಸುದ್ದಿ ತಡವಾಗಿ ಬರ್ತಿತ್ತು ಅಷ್ಟೇ. ಕಿಂಗ್ ಹಿಪ್ಪೋ ಬಾಯಿ ತೆರೆದಾಗ ಒಂದು ಕೊಟ್ಟು, ಚಡ್ಡಿ ಜಾರಿದಾಗ ಹೊಟ್ಟೆಗೆ ಬಡಿದಿದ್ದು ನೋಡಿ ಮಗಳು ಕೆಳಗೆ ಬಿದ್ದು ನಕ್ಕಳು.

ಆಮೇಲೆ ಸೊಕ್ಕು ಬಂತು. ನೇರ ಕೊನೇ ಪಂದ್ಯಕ್ಕೆ ಕರೆದೊಯ್ಯೋ ಆ ಹಳೇ ನಂಬರ್ ಇನ್ನೂ ಬಾಯಿಪಾಠ ಇತ್ತು, 007 373 5963. ಕೊನೇ ಎದುರಾಳಿ ಟೈಸನ್ ಹತ್ತಿರ ಹೋದೆ. ಮೊದಲ ಒಂದೂವರೆ ನಿಮಿಷ ಅವನ ಅಪ್ಪರ್‌ಕಟ್ ಒಂದು ತಾಗಿದರೂ ನೆಲಕ್ಕೆ. ಹದಿನಾಲ್ಕು ಸೆಕೆಂಡಿಗೆ ಮಲಗಿದೆ. ಎದ್ದೆ. ಮತ್ತೆ ಮಲಗಿದೆ. ಇದು ಟಿವಿ ತಪ್ಪಲ್ಲ, ಹುಡುಗನಾಗಿದ್ದಾಗಲೂ ಅವನನ್ನು ಎರಡೇ ಸಲ ಸೋಲಿಸಿದ್ದು. ಹತ್ತನೇ ಜಾಗ ತುಂಬಿತು.

ಪುಟ್ಟಿ, ಔಟರ್ ವೈಲ್ಡ್ಸ್ ಡೌನ್‌ಲೋಡ್ ಹಾಕಿದ್ದೇನೆ. ಸೂರ್ಯನ ವಿಷಯ ಬಸ್ಯ ಅರ್ಧ ಹೇಳಿಬಿಟ್ಟರು, ಉಳಿದ ಅರ್ಧ ನಾನೇ ನೋಡ್ತೀನಿ.

ಪಿಕ್ಸೆಲ್‌ಪುಟ್ಟಿ

ಮುಗಿಸಿದ ಮೇಲೆ ನಿಯಮ ಬದಲಾಯಿಸ್ತೀರಾ?

ಹಳೇಜಾಯ್‌ಸ್ಟಿಕ್

ಬೇಕಾದ್ರೆ ಪಟ್ಟಿ ಹನ್ನೊಂದು ಮಾಡ್ತೀನಿ, ನಿಯಮ ಮುಟ್ಟಲ್ಲ.

ಕೊನೇಲೈಫ್

ಹನ್ನೊಂದು ಆಗೋದಾದರೆ ಕಾಂಟ್ರಾ ಯಾಕಾಗಬಾರದು??

ಕುರಿಕಾಯುವವ

ನಿಮ್ಮಣ್ಣನನ್ನು ಇಲ್ಲಿಗೆ ಕರೀರಿ, ಅವರ ಕಡೆಯ ಮಾತೂ ಕೇಳೋಣ.

ಸುಮ್ನೆನೋಡ್ತಿದ್ದೆ

ಇಷ್ಟು ಜನ ಇಷ್ಟೊತ್ತು ಮಾತಾಡಿದಿರಿ, ಮೈನ್‌ಸ್ವೀಪರ್ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ನಾನು ಇದನ್ನೆಲ್ಲಾ ಓದಿದ್ದೇ ಅದನ್ನು ಆಡ್ತಾ ಆಡ್ತಾ. ಈಗ ಒಂದು ಮೂಲೆಯಲ್ಲಿ ಎರಡು ಚೌಕ ಉಳಿದಿವೆ, ಎರಡರಲ್ಲಿ ಒಂದು ಬಾಂಬ್. ಎಡವೋ ಬಲವೋ, ಬೇಗ ಹೇಳಿ.

ರಾತ್ರಿಪಾಳಿ

ಎಡ.

ಸುಮ್ನೆನೋಡ್ತಿದ್ದೆ

ಢಂ.